ಬಸುರಿಯ ಮೈಯಲ್ಲಿ ಡ್ರಗ್ಸ್ ಇದ್ದರೆ: ಹೆರಿಗೆ ವಾರ್ಡಿನ ನರ್ಸ್ ಹೇಳುವ ಮಾತು

ವಾರ್ಡಿಗೆ ಬಂದವರನ್ನು ನಾನು ಮೊದಲು ಕೇಳುವುದು ಇಷ್ಟೇ: ಏನು ತಗೊಂಡಿರಿ, ಕೊನೆಯ ಸಲ ಯಾವಾಗ, ನುಂಗಿದ್ದಾ, ಸೇದಿದ್ದಾ, ಚುಚ್ಚಿಕೊಂಡಿದ್ದಾ? ಬೈಯೋಕೆ ಕೇಳುವುದಲ್ಲ. ಕೊಕೇನ್, ಮೆತ್‌ನಂಥ ಮೈ ಉದ್ರೇಕಿಸುವ ಡ್ರಗ್ಸ್ ತಗೊಂಡರೆ ಬಿಪಿ ಏರಿ ಫಿಟ್ಸ್ ಬರಬಹುದು. ಬಸುರಿನ ಬಿಪಿ ಕಾಯಿಲೆಯಲ್ಲೂ ಹಾಗೇ ಆಗುತ್ತದೆ. ನೀವು ಬಾಯಿ ಬಿಡದಿದ್ದರೆ ಯಾವುದು ಯಾವುದೆಂದು ತಿಳಿಯುವುದು ಕಷ್ಟ. ಮನೆಯವರ ಮುಂದೆ ಹೇಳೋಕಾಗಲ್ಲ, ಅಲ್ವಾ? "ಸಿಸ್ಟರ್, ಒಬ್ಬಳೇ ಮಾತಾಡಬೇಕು" ಅನ್ನಿ. ಅವರನ್ನು ಹೊರಗೆ ಕಳಿಸುವುದು ನನ್ನ ಕೆಲಸ.

ಹೆರಾಯಿನ್, ಬ್ರೌನ್ ಶುಗರ್ ಚಟವಿದ್ದರೆ ಒಂದೇ ಸಲಕ್ಕೆ ನಿಲ್ಲಿಸಬೇಡಿ. ಇದನ್ನು ಕೇಳಿ ಮನೆಯವರು ಗಾಬರಿಯಾಗುತ್ತಾರೆ. ಆದರೆ ವಾಂತಿ, ಭೇದಿ, ಮೈಕೈ ನೋವು ತಡೆಯಲಾರದೆ ಎಷ್ಟೋ ಜನ ಮತ್ತೆ ಹಳೇ ಡೋಸಿಗೇ ಹೋಗುತ್ತಾರೆ. ಅಷ್ಟರಲ್ಲಿ ಮೈಗೆ ತಾಳುವ ಶಕ್ತಿ ಹೋಗಿರುತ್ತದೆ, ಉಸಿರೇ ನಿಲ್ಲಬಹುದು. ಅದಕ್ಕೇ ಡಾಕ್ಟರ್ ಹೆರಾಯಿನ್ ಬದಲಿಗೆ ಆ ಸಂಕಟ ತಡೆಯುವ ಔಷಧಿ, ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್, ಶುರು ಮಾಡುತ್ತಾರೆ. ತಿಂಗಳು ತುಂಬುತ್ತಾ ಡೋಸ್ ಜಾಸ್ತಿ ಬೇಕಾಗಬಹುದು, ಅದಕ್ಕೆ ಹೆದರಬೇಡಿ. ದಿನಾ ಕುಡಿಯುವವರು, ಅಲ್ಪ್ರಾಜೋಲಾಮ್‌ನಂಥ ಆತಂಕದ ಮಾತ್ರೆ ನುಂಗುವವರೂ ಸುಮ್ನೆ ನಿಲ್ಲಿಸಿದರೆ ಫಿಟ್ಸ್ ಬರಬಹುದು. ಕೊಕೇನ್, ಮೆತ್ ಮಾತ್ರ ಇವತ್ತೇ ಬಿಡಿ.

ನನಗೆ ಜಾಸ್ತಿ ಭಯ ಹುಟ್ಟಿಸುವುದು ಮಾಸು ಹೆರಿಗೆಗೆ ಮುಂಚೆಯೇ ಗರ್ಭಕೋಶದಿಂದ ಬಿಟ್ಟುಕೊಳ್ಳುವುದು. ಕೊಕೇನ್ ತಗೊಳ್ಳುವವರಲ್ಲಿ ಇದರ ಅಪಾಯ ಹೆಚ್ಚು. ಹೆರಿಗೆ ನೋವು ಬಂದು ಹೋಗುತ್ತದೆ, ನಡುವೆ ಹೊಟ್ಟೆ ಸಡಿಲವಾಗುತ್ತದೆ. ಮಾಸು ಬಿಟ್ಟುಕೊಂಡರೆ ಹೊಟ್ಟೆ ಹಲಗೆಯ ಹಾಗೆ ಗಟ್ಟಿಯಾಗಿಯೇ ಇರುತ್ತದೆ, ಕೈಯಿಟ್ಟರೆ ನೋವು. ರಕ್ತ ಒಳಗೇ ನಿಂತು ಹೊರಗೆ ಕಾಣದೆಯೂ ಇರಬಹುದು. ಹಾಗಾಗಿ ಬಟ್ಟೆ ನೋಡಿ "ಏನೂ ಇಲ್ಲ" ಅಂತ ಮಲಗಬೇಡಿ, ಹೊರಡಿ. ವಿಪರೀತ ತಲೆನೋವು, ಕಣ್ಣು ಮಂಜು, ಎದೆನೋವು, 160/110 ದಾಟಿದ ಬಿಪಿ, ಇವಕ್ಕೂ ಅಷ್ಟೇ. ಚುಚ್ಚಿಕೊಳ್ಳುವವರಿಗೆ ಚಳಿಜ್ವರ, ಏದುಸಿರು ಬಂದರೆ ಹೃದಯದ ಕವಾಟಕ್ಕೆ ಸೋಂಕು ತಗುಲಿರಬಹುದು.

ತುಟಿ ನೀಲಿಯಾಗಿ, ಉಸಿರು ನಿಧಾನವಾಗಿ, ಕರೆದರೂ ಏಳದಿದ್ದರೆ ಆಂಬುಲೆನ್ಸ್ ಕರೆಯಿರಿ. ಹೆರಾಯಿನ್‌ನಂಥವುಗಳ ಓವರ್‌ಡೋಸ್ ಇಳಿಸುವ ಔಷಧಿ ನಲಾಕ್ಸೋನ್ ಸಿಕ್ಕರೆ ಕೊಡಿ, ಬಸುರಿ ಎಂದು ಹಿಂಜರಿಯಬೇಡಿ. ಉಸಿರಾಡುತ್ತಿದ್ದರೆ ಎಡಮಗ್ಗುಲಿಗೆ ಹೊರಳಿಸಿ. ಉಸಿರಿಲ್ಲದಿದ್ದರೆ ಬಾಯಿಂದ ಬಾಯಿಗೆ ಉಸಿರು ಕೊಡಿ, ನಾಡಿಯೂ ಸಿಗದಿದ್ದರೆ ಎದೆ ಒತ್ತಿ.

ಹೆರಿಗೆ ದಿನವೂ ಬ್ಯುಪ್ರೆನಾರ್ಫಿನ್, ಮೆಥಡೋನ್ ತಪ್ಪಿಸಬೇಡಿ. ನೋವಿನ ಇಂಜೆಕ್ಷನ್‌ಗೆ ಮುಂಚೆ ಅದನ್ನು ನೆನಪಿಸಿ. ಬ್ಯುಟಾರ್ಫನಾಲ್‌ನಂಥದ್ದು ಕೊಟ್ಟರೆ ಚಟ ಬಿಟ್ಟಾಗಿನ ಸಂಕಟ ತಕ್ಷಣ ಶುರುವಾಗುತ್ತದೆ. ಎಪಿಡ್ಯೂರಲ್ (ನೋವು ತಿಳಿಯದಂತೆ ಬೆನ್ನಿಗೆ ಕೊಡುವ ಔಷಧಿ) ಕೇಳಬಹುದು. ಮಗು ಬಂದ ಮೇಲೂ ಡಾಕ್ಟರ್ ಹೇಳುವ ತನಕ ಔಷಧಿ ಮುಂದುವರಿಸಿ. ಓವರ್‌ಡೋಸ್ ಅಪಾಯ ಬಾಣಂತನ ಮುಗಿದು ತಿಂಗಳುಗಳಾದರೂ ಇರುತ್ತದೆ.