ಮಕ್ಕಳ ಕೈಗೆ ರಟ್ಟು ಕೊಡಿ, ಮಾದರಿ ತೋರಿಸಬೇಡಿ

ಮೊದಲೇ ಮಾಡಿಟ್ಟ ಚೆಂದದ ರಟ್ಟಿನ ಗಾಡಿಯೊಂದನ್ನು ಮೇಜಿನ ಮೇಲೆ ಇಟ್ಟು 'ಇದೇ ಥರ ಮಾಡಿ' ಅಂದರೆ ಮುಗೀತು, ಇಡೀ ಕ್ಲಾಸಿನಲ್ಲಿ ಅದೇ ಗಾಡಿ ಹುಟ್ಟುತ್ತದೆ. ಕತ್ತರಿಸಿ ಅಂಟಿಸೋದು ಕಲಿತರು, ಸರಿ. ಯೋಚನೆ ಮಾಡಿದ್ದು ಮಾತ್ರ ನೀವು.

ಅದಕ್ಕೇ ಸಮಸ್ಯೆಯಿಂದ ಶುರು ಮಾಡಿ. 'ಒಂದನೇ ಕ್ಲಾಸಿನ ಪುಟಾಣಿಗೆ ಆಟದ ಗಾಡಿ ಬೇಕು. ಇಳಿಜಾರು ಹಲಗೆಯಿಂದ ಇಳಿದು, ನೆಲದ ಮೇಲೆ 1 ಮೀಟರ್ ಹೋಗಬೇಕು, ಒಳಗಿಟ್ಟ ರಬ್ಬರ್ ಬೀಳಬಾರದು.' ಇಷ್ಟೇ. ಯಾರಿಗೆ ಅನ್ನೋದನ್ನು ಬಿಡಬೇಡಿ. ಪುಟಾಣಿಗೆ ಅಂದ ತಕ್ಷಣ ಯಾರೋ ಒಬ್ಬರು 'ಹಾಗಾದ್ರೆ ಮೂಲೆ ಚುಚ್ಚಬಾರದು ಅಲ್ವಾ' ಅಂತಾರೆ.

ಮೂರು ಮೂರು ಮಕ್ಕಳ ಗುಂಪು ಮಾಡಿ. ಐದು ಜನ ಆದರೆ ಇಬ್ಬರು ಸುಮ್ನೆ ನೋಡುತ್ತಾ ಕೂರುತ್ತಾರೆ. ಕತ್ತರಿ ಮುಟ್ಟುವ ಮೊದಲು ಚಿತ್ರ ಬರೆಯಲಿ, ಯಾವ ಭಾಗಕ್ಕೆ ಯಾವ ಸಾಮಾನು ಅಂತ ಗೆರೆ ಎಳೆದು ಹೆಸರು ಬರೆಯಲಿ. ಚಿತ್ರ ಚೆನ್ನಾಗಿರಬೇಕಿಲ್ಲ.

ಸಾಮಾನು ಜಾಸ್ತಿ ಬೇಡ: ರಟ್ಟಿನ ಡಬ್ಬ, ಸ್ಟ್ರಾ, ಬಿದಿರಿನ ಕಡ್ಡಿ, ಟೇಪ್, ಗಮ್. ಕಡ್ಡಿಯ ಚೂಪು ತುದಿಯನ್ನು ನೀವೇ ಮೊದಲು ಕತ್ತರಿಸಿಡಿ, ರಟ್ಟಿಗೆ ತೂತು ಹಾಕೋದೂ ನಿಮ್ಮ ಕೆಲಸವೇ.

ಚಕ್ರಕ್ಕೆ ನಡು ಹುಡುಕೋದು ಹೇಗೆ? ಕಾಗದದ ಮೇಲೆ ಬಟ್ಟಲು ಬೋರಲು ಹಾಕಿ ಗೆರೆ ಎಳೆದು, ಆ ವೃತ್ತವನ್ನು ಕತ್ತರಿಸಿ, ಅರ್ಧಕ್ಕೆ ಮಡಚಿ, ಮತ್ತೆ ಅರ್ಧಕ್ಕೆ ಮಡಚಿ ಬಿಚ್ಚಿದರೆ ಎರಡು ಮಡಿಕೆ ಸೇರುವ ಜಾಗವೇ ನಡು. ಅದನ್ನು ರಟ್ಟಿನ ಮೇಲಿಟ್ಟು ಗುರುತು ಮಾಡಿದರಾಯಿತು. ಇಷ್ಟು ಹೇಳಿಕೊಡಿ, ಇಲ್ಲದಿದ್ದರೆ ಗಾಡಿ ಕುಂಟುತ್ತದೆ. ಒಂದು ಗುಂಪಿನದ್ದು ಕುಂಟಿದರೂ ಒಳ್ಳೆಯದೇ ಅನ್ನಿ, ಕಾರಣ ಎಲ್ಲರಿಗೂ ಕಣ್ಣಿಗೆ ಕಾಣುತ್ತದೆ.

ನಿಜವಾದ ಮಜಾ ಇರೋದು ಅಚ್ಚಿನಲ್ಲಿ, ಅಂದರೆ ಎರಡು ಚಕ್ರಗಳನ್ನು ಸೇರಿಸುವ ಕಡ್ಡಿಯಲ್ಲಿ. ಎಷ್ಟೋ ಮಕ್ಕಳು ಕಡ್ಡಿಯನ್ನು ನೇರವಾಗಿ ಡಬ್ಬದ ತಳಕ್ಕೆ ಅಂಟಿಸಿ, ಎರಡೂ ತುದಿಗೆ ಚಕ್ರ ಬಿಗಿಯಾಗಿ ಸಿಕ್ಕಿಸಿಬಿಡುತ್ತಾರೆ. ಗಾಡಿ ಹಲಗೆಯ ಮೇಲೆ ಕಲ್ಲಿನ ಹಾಗೆ ಕೂರುತ್ತದೆ, ತಳ್ಳಿದರೆ ಜಾರುತ್ತದೆ, ಚಕ್ರ ತಿರುಗೋದೇ ಇಲ್ಲ. ಆಗ ನಿಮ್ಮ ಕೈ ತಡೆಯೋದಿಲ್ಲ, ಸರಿ ಮಾಡಿಕೊಡೋಣ ಅನ್ನಿಸುತ್ತದೆ. ತಡೆದುಕೊಳ್ಳಿ. 'ಯಾವುದು ತಿರುಗಬೇಕು? ಅದನ್ನು ಯಾವುದು ಹಿಡಿದಿದೆ?' ಅಂತ ಕೇಳಿ ಪಕ್ಕಕ್ಕೆ ಸರಿಯಿರಿ. ಸ್ವಲ್ಪ ಹೊತ್ತಿಗೆ ಯಾರದೋ ಕಣ್ಣು ಸ್ಟ್ರಾ ಮೇಲೆ ಬೀಳುತ್ತದೆ: ಸ್ಟ್ರಾ ಡಬ್ಬಕ್ಕೆ ಅಂಟಲಿ, ಕಡ್ಡಿ ಸ್ಟ್ರಾ ಒಳಗೆ ಸಲೀಸಾಗಿ ತಿರುಗಲಿ. ಸ್ಟ್ರಾ ಡಬ್ಬದ ಅಗಲಕ್ಕಿಂತ ಚೂರು ಉದ್ದ ಇದ್ದರೆ ಚಕ್ರ ಡಬ್ಬಕ್ಕೆ ಉಜ್ಜೋದಿಲ್ಲ.

ಪರೀಕ್ಷೆ ಮಾಡುವಾಗ ಹಲಗೆಯ ಎತ್ತರ ಎಲ್ಲರಿಗೂ ಒಂದೇ ಇರಲಿ, ಪ್ರತಿ ಗಾಡಿಗೂ ಮೂರು ಅವಕಾಶ ಕೊಡಿ. ಗಾಡಿ ಒಂದು ಕಡೆಗೇ ಎಳೆಯುತ್ತಿದ್ದರೆ ಎರಡು ಸ್ಟ್ರಾಗಳ ನಡುವಿನ ಅಂತರವನ್ನು ಎರಡೂ ಬದಿಯಲ್ಲಿ ಸ್ಕೇಲಿನಿಂದ ಅಳೆಯಲು ಹೇಳಿ. ಒಂದು ಸಲಕ್ಕೆ ಒಂದೇ ಬದಲಾವಣೆ ಅನ್ನೋ ನಿಯಮ ಇಡಿ. ಚಕ್ರ, ಅಚ್ಚು ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತು ಅಂತ ಗೊತ್ತಾಗೋದೇ ಇಲ್ಲ.

ಅಂಕ ಕೊಡಲೇಬೇಕು ಅಂದರೆ ಎಷ್ಟು ದೂರ ಹೋಯಿತು ಅಂತ ನೋಡಬೇಡಿ. ಮೊದಲ ಚಿತ್ರವನ್ನೂ ಕೊನೆಗೆ ಆದ ಗಾಡಿಯನ್ನೂ ಪಕ್ಕಪಕ್ಕ ಇಡಿಸಿ, 'ಇಲ್ಲಿ ಯಾಕೆ ಬದಲಾಯಿಸಿದೆ?' ಅಂತ ಕೇಳಿ. ಒಳ್ಳೆ ಉತ್ತರ ಸಾಮಾನ್ಯವಾಗಿ ಮೊದಲ ಸಲ ಅಲುಗಾಡದ ಗಾಡಿಯ ಗುಂಪಿನಿಂದಲೇ ಬರುತ್ತದೆ.