ಆರ್‌ಎಚ್ ನೆಗೆಟಿವ್ ತಾಯಂದಿರು ಮತ್ತು ಡಿಆರ್15: ಬ್ಲಡ್ ಬ್ಯಾಂಕಿನಲ್ಲೇ ಮಾಡಿ ನೋಡಿದ ನನ್ನ ಅನುಭವ

ಆರ್‌ಎಚ್ ನೆಗೆಟಿವ್ ತಾಯಿಗೆ ಪಾಸಿಟಿವ್ ಮಗು ಹುಟ್ಟಿದರೆ, ಮಗುವಿನ ರಕ್ತದ ಡಿ ಆ್ಯಂಟಿಜನ್ ವಿರುದ್ಧ ಕೆಲವು ತಾಯಂದಿರ ದೇಹ ಆ್ಯಂಟಿಬಾಡಿ (ಆ್ಯಂಟಿ-ಡಿ) ಮಾಡಿಕೊಳ್ಳುತ್ತೆ, ಕೆಲವರದು ಮಾಡಿಕೊಳ್ಳಲ್ಲ. ಈ ವ್ಯತ್ಯಾಸಕ್ಕೂ ಡಿಆರ್15 ಅನ್ನುವ ಜೀನ್ ಬಗೆಗೂ ನಂಟಿದೆಯಾ ಅಂತ ನೋಡಲು ಹೊರಟೆ. ಅದಕ್ಕೆ ಬ್ಲಡ್ ಬ್ಯಾಂಕಿನಲ್ಲೇ ಎಚ್‌ಎಲ್‌ಎ ಟೈಪಿಂಗ್ (ರೋಗನಿರೋಧಕ ಶಕ್ತಿಯ ಜೀನ್ ಯಾವ ಬಗೆಯದು ಅಂತ ನೋಡುವುದು) ಮಾಡ್ತೀನಿ ಅಂದಾಗ ನಗದೇ ಇದ್ದವರು ಕಡಿಮೆ. "ಡಿಆರ್15 ನಮ್ಮ ಜನರಲ್ಲಿ ಎಲ್ಲಿ ನೋಡಿದರೂ ಇದೆ, ಅದರಲ್ಲಿ ನಿಮಗೇನು ವ್ಯತ್ಯಾಸ ಕಾಣುತ್ತೆ?" ಅಂದರು ಒಬ್ಬರು. ಮಾತು ಸುಳ್ಳಲ್ಲ. ಒಂದಕ್ಕಿಂತ ಹೆಚ್ಚು ಆ್ಯಂಟಿಬಾಡಿ ಮಾಡಿಕೊಂಡವರಲ್ಲಿ ಡಿಆರ್‌ಬಿ1*15 (ಡಿಆರ್15ರ ಜೀನ್ ಹೆಸರು) ಜಾಸ್ತಿ ಅಂತ ಯೂರೋಪಿನ ಸಂಶೋಧಕರು ಬರೆದಿದ್ದಾರೆ. ನಮ್ಮಲ್ಲಿ ಅದು ಮೊದಲೇ ತುಂಬಾ ಸಾಮಾನ್ಯ. ಹಾಗಾಗಿ ಮಾಮೂಲಿ ರಕ್ತದಾನಿಗಳ ಜೊತೆ ಹೋಲಿಸಿದರೆ ಏನೂ ಕಾಣಲ್ಲ. ನಾನೂ ಶುರುವಿನಲ್ಲಿ ಹಾಗೇ ಹೋಲಿಸಿದ್ದೆ, ಎರಡೂ ಕಡೆ ಹೆಚ್ಚುಕಮ್ಮಿ ಒಂದೇ ಬಂತು.

ದಾರಿ ಸಿಕ್ಕಿದ್ದು ಹೋಲಿಸುವ ಗುಂಪನ್ನು ಬದಲಾಯಿಸಿದಾಗ. ಆ್ಯಂಟಿಬಾಡಿ ಬರದಂತೆ ತಡೆಯುವ ಇಂಜೆಕ್ಷನ್ ಇಲ್ಲದ ಕಾಲದಲ್ಲೂ ಎಲ್ಲ ತಾಯಂದಿರಿಗೂ ಆ್ಯಂಟಿ-ಡಿ ಬರುತ್ತಿರಲಿಲ್ಲ ಅಲ್ವಾ. ಎಬಿಒ ಗುಂಪು ತಾಯಿಗೆ ಹೊಂದುವ ಪಾಸಿಟಿವ್ ಮಗು ಹುಟ್ಟಿದರೂ ನೂರಕ್ಕೆ ಸುಮಾರು 16 ಮಂದಿಗೆ ಅಷ್ಟೆ. ನನಗೆ ಬೇಕಾಗಿದ್ದು ಆ ಉಳಿದವರು: ಎರಡು ಮೂರು ಪಾಸಿಟಿವ್ ಮಕ್ಕಳನ್ನು ಹೆತ್ತು, ಇಂಜೆಕ್ಷನ್ ತಗೊಳ್ಳದೆ, ಆದರೂ ಆ್ಯಂಟಿಬಾಡಿ ಬರದವರು. ಈಗಿನ ಹುಡುಗಿಯರಲ್ಲಿ ಅವರು ಸಿಗುವುದು ಕಷ್ಟ, ಹೆಚ್ಚಿನವರಿಗೆ ಇಂಜೆಕ್ಷನ್ ಆಗಿರುತ್ತೆ. ಸಿಕ್ಕಿದ್ದು ಮಂಡಿ ಆಪರೇಷನ್‌ಗೆ, ಗರ್ಭಕೋಶದ ಆಪರೇಷನ್‌ಗೆ ಬರುವ ಅಜ್ಜಿಯರಲ್ಲಿ. ಕ್ರಾಸ್‌ಮ್ಯಾಚ್‌ಗೆ (ಕೊಡುವ ರಕ್ತ ಹೊಂದುತ್ತಾ ಅಂತ ನೋಡಲು) ಸ್ಯಾಂಪಲ್ ಹೇಗೂ ನಮ್ಮ ಹತ್ತಿರವೇ ಬರುತ್ತೆ. ಬದಲಿ ರಕ್ತ ಕೊಡಲು ಬರುವವರು ಅವರ ಮಕ್ಕಳೇ. ಅಂದ್ರೆ ಮಕ್ಕಳ ರಕ್ತದ ಗುಂಪೂ ನಮ್ಮ ರಿಜಿಸ್ಟರಿನಲ್ಲೇ ಇದೆ! ಎಥಿಕ್ಸ್ ಕಮಿಟಿಯ ಒಪ್ಪಿಗೆ ಪಡೆದು, ಅಜ್ಜಿಯರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಿಕೊಂಡು ಶುರು ಮಾಡಿದೆ. ಈ ಐಡಿಯಾ ನಮ್ಮ ಕಡೆ ಬೇರೆ ಯಾರಿಗೂ ಹೊಳೆದಿರಲಿಲ್ಲ, ಅಷ್ಟು ಹೇಳಿಕೊಳ್ಳುತ್ತೇನೆ.

"ಮೂವತ್ತು ವರ್ಷದ ಹಿಂದೆ ಬಂದ ಆ್ಯಂಟಿಬಾಡಿ ಈಗ ಇಳಿದುಹೋಗಿರಬಹುದಲ್ಲ?" ಅಂತ ಕೇಳುವವರು ಇದ್ದೇ ಇದ್ದಾರೆ. ಅದಕ್ಕೇ ಅಜ್ಜಿಯರ ಸೀರಮ್ಮನ್ನು ಪಪೈನ್ (ಅಲ್ಪಸ್ವಲ್ಪ ಉಳಿದ ಆ್ಯಂಟಿಬಾಡಿಯನ್ನೂ ತೋರಿಸಿಕೊಡುವ ಎಂಜೈಮ್) ಹಾಕಿದ ಸೆಲ್‌ಗಳ ಜೊತೆಯೂ ನೋಡಿದೆ. ಹೆರಿಗೆಯ ಕಥೆಯನ್ನೂ ಕೇಳಿದೆ. ಮಗುವಿಗೆ ಕಾಮಾಲೆ ಜೋರಾಗಿ ರಕ್ತ ಬದಲಾಯಿಸಿದ್ದರೆ, ಹೊಟ್ಟೆಯಲ್ಲೇ ಮಗು ತೀರಿಹೋಗಿದ್ದರೆ ಅವರನ್ನು ಬಿಟ್ಟೆ.

ಒಂದು ಜೋಡಿಯ ವಿಷಯ ಹೇಳಬೇಕು. ಅಕ್ಕ ತಂಗಿ, ಇಬ್ಬರೂ ಓ ನೆಗೆಟಿವ್. ಅಕ್ಕನಿಗೆ ಟೈಟರ್ (ಸೀರಮ್ಮನ್ನು ಎಷ್ಟು ಪಟ್ಟು ತೆಳು ಮಾಡಿದರೂ ಆ್ಯಂಟಿಬಾಡಿ ಕಾಣುತ್ತೆ ಅನ್ನುವ ಅಳತೆ) 1:256. ತಂಗಿಗೆ ಮೂರು ಪಾಸಿಟಿವ್ ಮಕ್ಕಳು, ಇಂಜೆಕ್ಷನ್ ಇಲ್ಲ, ಆ್ಯಂಟಿಬಾಡಿಯೂ ಇಲ್ಲ. ನಮ್ಮ ಟೆಕ್ನಿಷಿಯನ್ ಹುಡುಗ ಕುಣಿದಾಡಿದ. ಮಕ್ಕಳ ಗುಂಪು ತೆಗೆದು ನೋಡಿದರೆ ಮೂವರೂ ಎ. ತಾಯಿಯ ಆ್ಯಂಟಿ-ಎ ಮಗುವಿನ ಸೆಲ್‌ಗಳನ್ನು ಮೊದಲೇ ಮುಗಿಸಿಬಿಟ್ಟಿರುತ್ತೆ, ಡಿ ಅನ್ನು ಗುರುತಿಸುವ ಅವಕಾಶವೇ ಸಿಕ್ಕಿರಲ್ಲ. ಹಾಗಾಗಿ ಆಕೆ ನನ್ನ ಲೆಕ್ಕಕ್ಕೆ ಬರಲ್ಲ. ಸೋದರಮಾವನನ್ನೇ ಮದುವೆಯಾದ ನೆಗೆಟಿವ್ ಹೆಂಗಸರದು ಇನ್ನೊಂದು ಥರ. ಗಂಡನೂ ನೆಗೆಟಿವ್ ಆಗಿರುವ ಸಾಧ್ಯತೆ ಅಲ್ಲಿ ಜಾಸ್ತಿ. ಮಕ್ಕಳೂ ನೆಗೆಟಿವ್ ಆದರೆ ಆ್ಯಂಟಿಬಾಡಿ ಬರುವ ಮಾತೇ ಇಲ್ಲ. ಇವರನ್ನೆಲ್ಲ ಸೋಸದೆ ಜೀನ್ ಹುಡುಕುವುದು ಸುಮ್ನೆ ದುಡ್ಡು ದಂಡ.

ಆ್ಯಂಟಿಬಾಡಿ ಬಂದವರ ಪಟ್ಟಿಯಲ್ಲೂ ಕಸ ಇತ್ತು. ಗರ್ಭದ 28ನೇ ವಾರದ ಇಂಜೆಕ್ಷನ್ ಆದವರಿಗೂ ಆ್ಯಂಟಿಬಾಡಿ ಸ್ಕ್ರೀನ್ ಪಾಸಿಟಿವ್ ಬರುತ್ತೆ, ಇಂಜೆಕ್ಷನ್‌ನಲ್ಲಿ ಇರುವುದೇ ಆ್ಯಂಟಿ-ಡಿ. ಟೈಟರ್ 4ರೊಳಗೆ ಇದ್ದು ಇಂಜೆಕ್ಷನ್ ಚೀಟಿಯೂ ಇದ್ದರೆ ಪಟ್ಟಿಯಿಂದ ತೆಗೆದೆ. ಆ್ಯಂಟಿ-ಡಿ ಜೊತೆ ಆ್ಯಂಟಿ-ಸಿ (C) ಇದೆ ಅಂತ ಕಂಡ ಕೆಲವರಲ್ಲಿ ಅದು ಬರೀ ಆ್ಯಂಟಿ-ಜಿ, ಅಂದ್ರೆ ಡಿ ಇರುವ ಸೆಲ್‌ಗೂ ಸಿ ಇರುವ ಸೆಲ್‌ಗೂ ಅಂಟುವ ಒಂದೇ ಆ್ಯಂಟಿಬಾಡಿ. ಅಡ್ಸಾರ್ಪ್‌ಶನ್, ಎಲ್ಯೂಷನ್ (ಆ್ಯಂಟಿಬಾಡಿಯನ್ನು ಸೆಲ್‌ಗೆ ಅಂಟಿಸಿ, ಮತ್ತೆ ಬಿಡಿಸಿ ನೋಡುವುದು) ಮಾಡದೆ "ಎರಡು ಆ್ಯಂಟಿಬಾಡಿ" ಅಂತ ಬರೆದುಕೊಳ್ಳಬೇಡಿ.

ಇನ್ನು ಡಿಎನ್‌ಎ. ಉಪ್ಪು ಹಾಕಿ ಡಿಎನ್‌ಎ ತೆಗೆಯುವ ಸಾಲ್ಟಿಂಗ್ ಔಟ್ ಲ್ಯಾಬಿನವರಿಗೆ ಗೊತ್ತು, ವಿವರಿಸಲ್ಲ. ಹೆರಿಗೆ ವಾರ್ಡಿನಿಂದ ಹಸಿರು ಮುಚ್ಚಳದ ಟ್ಯೂಬ್ ಬಂದಾಗಲೆಲ್ಲ ಪಿಸಿಆರ್ (ಡಿಎನ್‌ಎಯನ್ನು ನಕಲು ಮಾಡಿ ಹೆಚ್ಚಿಸುವ ಪರೀಕ್ಷೆ) ಸತ್ತಿದೆ. ಆ ಟ್ಯೂಬಿನಲ್ಲಿರುವ ಹೆಪಾರಿನ್ ಪಿಸಿಆರ್‌ನ ಶತ್ರು. ಹೆಪಾರಿನ್ ಇಲ್ಲದ ನೇರಳೆ ಮುಚ್ಚಳ ಬಿಟ್ಟು ಬೇರೆ ತಗೊಳ್ಳಲ್ಲ ಅಂತ ಬೋರ್ಡ್ ಹಾಕಿದೆ. ಎರಡನೇ ಕಾಟ ಹಿಮೋಗ್ಲೋಬಿನ್. ಕೆಂಪು ಕಣ ಒಡೆಯುವ ಲೈಸಿಸ್ ಬಫರ್ ಎರಡು ಸಲ ಹಾಕಿ ತಿರುಗಿಸಿದರೆ ಸಾಕು ಅಂತ ಬರೆದಿರುತ್ತಾರೆ. ಸಾಲಲ್ಲ. ಟ್ಯೂಬಿನ ತಳದ ಪೆಲೆಟ್ ಮೊದಲು ಕೆಂಪು, ಆಮೇಲೆ ಗುಲಾಬಿ. ಪೂರ್ತಿ ಬಿಳಿ ಆಗುವವರೆಗೂ ತೊಳೀರಿ. ಗುಲಾಬಿ ಉಳಿದರೆ ಜೆಲ್‌ನಲ್ಲಿ ಕಂಟ್ರೋಲ್ ಬ್ಯಾಂಡೂ (ಎಲ್ಲರಲ್ಲೂ ಬರಲೇಬೇಕಾದ ಗೆರೆ) ಏಳಲ್ಲ. ಕಂಟ್ರೋಲ್ ಇಲ್ಲದ ಲೇನ್ ನೆಗೆಟಿವ್ ಅಲ್ಲ, ಫೇಲ್.

ಕಂಟ್ರೋಲ್‌ಗೆ ಗ್ರೋತ್ ಹಾರ್ಮೋನ್ ಜೀನಿನ ಪ್ರೈಮರ್ (ಬೇಕಾದ ಜೀನನ್ನು ಹುಡುಕಿ ಹಿಡಿಯುವ ಡಿಎನ್‌ಎ ತುಣುಕು) ಹಾಕಿದ್ದೇನೆ. ಅದು ಜೋರಾದರೆ ಡಿಆರ್15 ಬ್ಯಾಂಡನ್ನು ನುಂಗುತ್ತೆ, ಕಡಿಮೆಯಾದರೆ ತಾನೇ ಕಾಣಲ್ಲ. ಎರಡರ ಪ್ರಮಾಣ, ಮೆಗ್ನೀಸಿಯಮ್ ಎಷ್ಟು ಅನ್ನುವುದನ್ನು ಇಲ್ಲಿ ಬರೆಯಲ್ಲ. ಅದಕ್ಕೇ ತಿಂಗಳುಗಟ್ಟಲೆ ಹೋಗಿದೆ. ಲ್ಯಾಬಿಗೆ ಬಂದರೆ ತೋರಿಸುತ್ತೇನೆ. ಮೊದಲ ಪ್ರೈಮರ್ ಡಿಆರ್16 ಅನ್ನೂ ಹಿಡಿಯುತ್ತಿತ್ತು. ಹಳೇ ಡಿಆರ್2ರಿಂದ ಒಡೆದದ್ದೇ ಅಲ್ವಾ ಎರಡೂ. ಬೇರೆ ಜೋಡಿ ತರಿಸಿದ ಮೇಲೆ, ದೊಡ್ಡ ಲ್ಯಾಬಿಗೆ ಕಳಿಸಿದ ಸ್ಯಾಂಪಲ್‌ಗಳೆಲ್ಲ ನಮ್ಮ ರಿಸಲ್ಟ್ ಜೊತೆ ಸರಿಹೋದವು. ನಕ್ಕವರಿಗೆ ಆ ಜೆಲ್ ಫೋಟೋ ಪ್ರಿಂಟ್ ತೆಗೆದು ಕೊಟ್ಟೆ.

ದುಡ್ಡಿನ ಲೆಕ್ಕ ನೆನಪಿನಿಂದ ಹೇಳ್ತೀನಿ. ಸೆಕೆಂಡ್ ಹ್ಯಾಂಡ್ ಪಿಸಿಆರ್ ಮಷಿನ್ ಒಂದೂಕಾಲು ಲಕ್ಷದ ಆಸುಪಾಸು, ನನ್ನದೇ ಜೇಬಿನಿಂದ. ಪ್ರೈಮರ್‌ನ ಒಂದೊಂದು ಬೇಸ್‌ಗೆ (ಡಿಎನ್‌ಎಯ ಒಂದು ಅಕ್ಷರಕ್ಕೆ) ಆಗ ಹದಿನೈದು ರೂಪಾಯಿ ಇದ್ದಿರಬಹುದು. ರೆಡಿ ಕಿಟ್ ಒಬ್ಬರಿಗೆ ಎರಡೂವರೆ ಸಾವಿರ ದಾಟುತ್ತಿತ್ತು, ನನ್ನದು ನೂರೈವತ್ತರೊಳಗೆ ಮುಗಿಯುತ್ತಿತ್ತು. ಅದರಲ್ಲಿ ಸೇರದ ಖರ್ಚು ಯುಪಿಎಸ್. ಸೈಕಲ್ ಮಧ್ಯೆ ಕರೆಂಟ್ ಹೋಗಿ ಹಾಳಾದ ಪ್ಲೇಟುಗಳ ಸಂಕಟಕ್ಕೆ ಬ್ಯಾಟರಿ ಕೊಂಡೆ.

ನಡುವೆ ವೀಕ್ ಡಿ (ಡಿ ಇದ್ದರೂ ದುರ್ಬಲವಾಗಿ ಕಾಣುವುದು) ಕಡೆಗೂ ಹೋಗಿಬಂದೆ. ಸ್ಲೈಡ್ ಟೆಸ್ಟಿನಲ್ಲಿ ನೆಗೆಟಿವ್ ಅಂತ ಬಂದ ಕೆಲವರು ನಿಜಕ್ಕೂ ವೀಕ್ ಡಿ. ಟೈಪ್ 1, 2, 3 ನೋಡುವ ವಿದೇಶಿ ಕಿಟ್ ತರಿಸಿದರೆ ಒಬ್ಬರದೂ ಕೂಡಲಿಲ್ಲ. ಅದು ಯೂರೋಪಿನವರ ಪಟ್ಟಿ. ನಮ್ಮವರಲ್ಲಿ ಡಿ ಆ್ಯಂಟಿಜನ್ ಮಾಡಿಸುವ ಆರ್‌ಎಚ್‌ಡಿ ಜೀನಿನ ಎಕ್ಸಾನ್ 3 ಅನ್ನುವ ಭಾಗ ಡಬಲ್ ಆಗಿರುವ ಬಗೆಯನ್ನು ಮುಂಬೈನ ಇಮ್ಯುನೋಹೆಮಟಾಲಜಿ ಸಂಸ್ಥೆಯವರು ಫ್ರಾನ್ಸಿನವರ ಜೊತೆ ಸೇರಿ ತೋರಿಸಿದ್ದಾರೆ. ಕಿಟ್ ದುಡ್ಡು ಹೋಯಿತು, ಬಿಡಿ.

ಕೊನೆಗೆ ಕಂಡದ್ದು ಇಷ್ಟು. ಟೈಟರ್ 64 ದಾಟಿದವರಲ್ಲಿ, ಅದರಲ್ಲೂ ಎರಡು ಆ್ಯಂಟಿಬಾಡಿ ಇದ್ದವರಲ್ಲಿ, ಅರ್ಧಕ್ಕಿಂತ ಜಾಸ್ತಿ ಮಂದಿಗೆ ಡಿಆರ್15. ಅಜ್ಜಿಯರಲ್ಲಿ ನಾಲ್ವರಲ್ಲಿ ಒಬ್ಬರಿಗೋ ಏನೋ. ಕಡಿಮೆ ಟೈಟರಿನವರಲ್ಲಿ ವ್ಯತ್ಯಾಸವೇ ಇಲ್ಲ. ನನ್ನ ಗುಂಪು ಚಿಕ್ಕದು, ಇದನ್ನು ಹಿಡಿದುಕೊಂಡು ಯಾರಿಗೂ ರಿಪೋರ್ಟ್ ಕೊಡಲ್ಲ. "ಡಿಆರ್15 ಇಲ್ಲದವರಿಗೆ ಇಂಜೆಕ್ಷನ್ ಬಿಡಬಹುದಾ?" ಅಂತ ಹೆರಿಗೆ ಡಾಕ್ಟರೊಬ್ಬರು ಕೇಳಿದರು. ಬೇಡವೇ ಬೇಡ ಅಂದೆ. ಡಿಆರ್15 ಇಲ್ಲದೆಯೂ 1:512 ಟೈಟರ್ ಇದ್ದ ತಾಯಿ ನನ್ನ ಪಟ್ಟಿಯಲ್ಲೇ ಇದ್ದಾರೆ. ಹೆರಿಗೆಯಾದ 72 ಗಂಟೆಯೊಳಗಿನ ಇಂಜೆಕ್ಷನ್‌ಗೆ ಯಾವ ಜೀನೂ ಅಡ್ಡ ಬರಬಾರದು.

ಮುಂದೆ ಆ್ಯಂಟಿ-ಕೆ (ಕೆಲ್ ಗುಂಪಿನ ಕೆ ಆ್ಯಂಟಿಜನ್ ವಿರುದ್ಧದ ಆ್ಯಂಟಿಬಾಡಿ) ನೋಡಬೇಕು ಅಂತಿದೆ. ಅದಕ್ಕೆ ಡಿಆರ್11, ಡಿಆರ್13 ನಂಟು ಅಂತ ಯೂರೋಪಿನ ಲೆಕ್ಕ. ಪ್ರೈಮರ್ ಆರ್ಡರ್ ಹಾಕಿದ್ದೇನೆ. ಕೆ ಆ್ಯಂಟಿಜನ್ನೇ ನಮ್ಮಲ್ಲಿ ಅಪರೂಪ, ಹಾಗಾಗಿ ಒಬ್ಬನಿಗೇ ಸ್ಯಾಂಪಲ್ ಸಾಲಲ್ಲ. ನಿಮ್ಮ ಬ್ಲಡ್ ಬ್ಯಾಂಕಿನಲ್ಲಿ ಅಂಥ ತಾಯಂದಿರು ಸಿಕ್ಕಿದರೆ ಒಪ್ಪಿಗೆ ಪತ್ರದ ಜೊತೆ ಎರಡು ಎಂಎಲ್ ಕಳಿಸಿ, ನೇರಳೆ ಮುಚ್ಚಳದ್ದೇ. ಕೊರಿಯರ್ ಖರ್ಚು ನನ್ನದು.