ರೀಲ್ ಕೊನೆಗೆ, ಲ್ಯೂರ್ ಮೊದಲು: ಬಾಸ್ ಮೀನಿಗೆ ಬೇಟ್‌ಕಾಸ್ಟಿಂಗ್ ಹೊಂದಿಸಿಕೊಂಡ ನನ್ನ ಅನುಭವ

ಮೀನು ಹಿಡಿಯುವ ರಾಡಿಗೆ (ಗಾಳದ ಕೋಲಿಗೆ) ಹಾಕುವ ಬೇಟ್‌ಕಾಸ್ಟಿಂಗ್ ರೀಲ್‌ನಲ್ಲಿ ದಾರ ಹೇಗೆ ಸಿಕ್ಕಾಗುತ್ತದೆ ಎಂಬುದು ತಿಳಿಯಬೇಕಾದರೆ ಲ್ಯೂರ್ (ಗಾಳವಿರುವ ಕೃತಕ ಆಮಿಷ) ಕಡೆ ನೋಡಬಾರದು, ದಾರ ಸುತ್ತಿದ ಉರುಳೆಯ, ಅಂದರೆ ಸ್ಪೂಲ್ ಮೇಲೆ ಕಣ್ಣಿಟ್ಟು ಬೀಸಬೇಕು. ಮೊದಲ ಗಳಿಗೆಯಲ್ಲಿ ದಾರ ಬಿಗಿಯಾಗಿಯೇ ಹೊರಟುಹೋಗುತ್ತದೆ. ಆಮೇಲೆ ಗಾಳಿಯ ತಡೆಗೆ ಲ್ಯೂರ್‌ನ ವೇಗ ಕುಗ್ಗುತ್ತದೆ. ಸ್ಪೂಲ್ ಮಾತ್ರ ಅದೇ ರಭಸದಲ್ಲಿ ತಿರುಗುತ್ತಲೇ ಇರುತ್ತದೆ. ಬಿಚ್ಚಿಕೊಂಡ ದಾರಕ್ಕೆ ಹೋಗಲು ಜಾಗವಿಲ್ಲದೆ ಅಲ್ಲೇ ಉಬ್ಬಿ ಮೇಲೇಳುತ್ತದೆ, ಒಂದು ಸುತ್ತು ಇನ್ನೊಂದರ ಅಡಿ ನುಸುಳುತ್ತದೆ, ಕಣ್ಣು ಮಿಟುಕಿಸುವಷ್ಟರಲ್ಲಿ ಹಕ್ಕಿಗೂಡಿನಂಥ ಗೋಜಲು. ಸ್ಪಿನ್ನಿಂಗ್ ರೀಲ್‌ನಲ್ಲಿ ಸ್ಪೂಲ್ ಕದಲುವುದೇ ಇಲ್ಲ, ದಾರ ಅದರ ಅಂಚಿನಿಂದ ಸುರುಳಿ ಬಿಚ್ಚಿಕೊಂಡು ಹೋಗುತ್ತದೆ. ಹಾಗಾಗಿ ಅಲ್ಲಿ ಈ ತೊಂದರೆ ಇಲ್ಲ. ಇಲ್ಲಿ ಸ್ಪೂಲೇ ತಿರುಗಬೇಕು, ಲ್ಯೂರ್‌ನ ವೇಗಕ್ಕೆ ಸರಿಯಾಗಿ ತಿರುಗಬೇಕು. ರೀಲ್‌ನಲ್ಲಿರುವ ಎಲ್ಲ ತಿರುಪು, ಬ್ರೇಕುಗಳೂ ಇದೊಂದಕ್ಕಾಗಿಯೇ.

ನಾನು ಮೊದಲ ಸೆಟ್ ಕೊಂಡದ್ದು ತಲೆಕೆಳಗಾದ ಕ್ರಮದಲ್ಲಿ. ಮೊದಲು ರೀಲ್ ಆರಿಸಿದೆ: 8.1:1 ಗೇರ್ ಅನುಪಾತ, ಕೈತುಂಬ ಬೇರಿಂಗ್‌ಗಳು. ಆಮೇಲೆ ಅದಕ್ಕೊಂದು 7 ಅಡಿ 3 ಅಂಗುಲದ ಹೆವಿ ರಾಡ್. ಕೊನೆಗೆ ಪೆಟ್ಟಿಗೆಯಲ್ಲಿದ್ದ ಲ್ಯೂರ್‌ಗಳಲ್ಲಿ ಒಂದನ್ನು ಕಟ್ಟಿದೆ, ಕಾಲು ಔನ್ಸ್, ಅಂದರೆ ಸುಮಾರು 7 ಗ್ರಾಂ ತೂಕದ್ದು. ಬೀಸಿದಾಗಲೆಲ್ಲ ಸಿಕ್ಕು. ಬ್ರೇಕ್ ಪೂರ್ತಿ ಏರಿಸಿದೆ, ಲ್ಯೂರ್ ಹತ್ತು ಹನ್ನೆರಡು ಮೀಟರ್‌ಗೇ ಬಿತ್ತು. ಇನ್ನೂ ಜೋರಾಗಿ ಬೀಸಿದೆ, ಮತ್ತೆ ಸಿಕ್ಕು. ಒಂದು ಇಡೀ ಋತು ರೀಲನ್ನೇ ದೂರಿದೆ. ಒಂದು ದಿನ ಜೊತೆಗೆ ನಿಂತಿದ್ದ ಹಿರಿಯರೊಬ್ಬರು, “ರೀಲ್ ಬಿಡಿ, ರಾಡಿನ ತುದಿ ನೋಡಿ. ಅದು ಬಾಗ್ತಾನೇ ಇಲ್ಲ” ಅಂದರು.

ನಿಜವೇ ಆಗಿತ್ತು. ನನ್ನ ರಾಡಿನ ಮೇಲೆ ಲ್ಯೂರ್‌ನ ತೂಕ ಅರ್ಧ ಔನ್ಸ್‌ನಿಂದ ಒಂದೂವರೆ ಔನ್ಸ್‌ವರೆಗೆ ಎಂದು ಬರೆದಿತ್ತು. ನಾನು ಕಟ್ಟಿದ್ದು ಅದರ ಕೆಳಮಿತಿಯ ಅರ್ಧ. ರಾಡನ್ನು ಹಿಂದಕ್ಕೆ ಒಯ್ದಾಗ ಲ್ಯೂರ್‌ನ ಭಾರಕ್ಕೆ ಅದು ಬಿಲ್ಲಿನಂತೆ ಬಾಗಬೇಕು, ಮುಂದಕ್ಕೆ ಬಂದಾಗ ಆ ಬಾಗು ಬಿಚ್ಚಿಕೊಂಡು ಲ್ಯೂರನ್ನು ಚಿಮ್ಮಬೇಕು. ಬಾಗದ ರಾಡ್ ಚಿಮ್ಮುವುದಿಲ್ಲ, ಆ ಕೆಲಸವನ್ನು ತೋಳು ಮಾಡಬೇಕಾಗುತ್ತದೆ. ತೋಳಿನ ಎಳೆತ ಜರ್ಕಿನಿಂದ ಕೂಡಿರುತ್ತದೆ. ಜರ್ಕಿಗೆ ಸ್ಪೂಲ್ ಒಮ್ಮೆಗೇ ಹಾರಿ ತಿರುಗುತ್ತದೆ, ಹಗುರ ಲ್ಯೂರ್‌ಗೆ ಅಷ್ಟು ದಾರ ಎಳೆದುಕೊಂಡು ಹೋಗುವ ಶಕ್ತಿ ಇರುವುದಿಲ್ಲ. ಅದೇ ಸಂಜೆ ಅದೇ ರೀಲನ್ನು ಅವರ ಮೀಡಿಯಂ ರಾಡಿಗೆ ಹಾಕಿ, ಅರ್ಧ ಔನ್ಸ್, ಅಂದರೆ 14 ಗ್ರಾಂ ಲ್ಯೂರ್ ಕಟ್ಟಿ ಬೀಸಿದೆ. ಬ್ರೇಕ್ ಮುಟ್ಟಲೇ ಇಲ್ಲ. ದಾರ ಸೊಗಸಾಗಿ ಹೋಯಿತು.

ಅಂದಿನಿಂದ ನನ್ನ ಕ್ರಮ ತಿರುಗುಮುರುಗಾಯಿತು. ಯಾವ ಲ್ಯೂರ್ ಹೆಚ್ಚು ಬಳಸುತ್ತೇನೆ, ಅದರ ತೂಕ ಎಷ್ಟು, ಅದು ಎಂಥ ನೀರಿಗೆ ಬೀಳುತ್ತದೆ? ಅದಕ್ಕೆ ತಕ್ಕ ರಾಡ್. ರಾಡಿಗೆ ತಕ್ಕ ದಾರ. ಕೊನೆಗೆ ರೀಲ್. ಹೊಸಬರು ಕೇಳಿದರೆ ನಾನು ಹೇಳುವುದು 7 ಅಡಿಯ ಮೀಡಿಯಂ ಹೆವಿ ಪವರ್, ಫಾಸ್ಟ್ ಆ್ಯಕ್ಷನ್ ರಾಡನ್ನೇ. ಸಾಮಾನ್ಯವಾಗಿ 10ರಿಂದ 28 ಗ್ರಾಂವರೆಗಿನ ಲ್ಯೂರ್‌ಗಳು ಅದರಲ್ಲಿ ಚೆನ್ನಾಗಿ ಹೋಗುತ್ತವೆ, ಬಾಸ್‌ಗೆ ಬಳಸುವ ಬಹುಪಾಲು ಲ್ಯೂರ್‌ಗಳು ಆ ಮಿತಿಯಲ್ಲೇ ಬರುತ್ತವೆ. 7 ಗ್ರಾಂಗಿಂತ ಹಗುರವಾದದ್ದನ್ನು ನಾನು ಈಗಲೂ ಸ್ಪಿನ್ನಿಂಗ್ ರೀಲ್‌ಗೇ ಬಿಡುತ್ತೇನೆ. ಹಗುರ ಲ್ಯೂರ್‌ಗೆಂದೇ ಮಾಡಿದ ಸಣ್ಣ, ಆಳ ಕಡಿಮೆಯ ಸ್ಪೂಲ್‌ಗಳ ಬೇಟ್‌ಕಾಸ್ಟಿಂಗ್ ರೀಲ್‌ಗಳು ಇವೆ, ಆದರೆ ಕಲಿಯುವವರು ಅಲ್ಲಿಂದ ಶುರು ಮಾಡಬಾರದು.

ಪವರ್ ಮತ್ತು ಆ್ಯಕ್ಷನ್ ಎರಡನ್ನೂ ಒಂದೇ ಎಂದು ತಿಳಿದು ನಾನು ಒಂದು ದೊಡ್ಡ ಮೀನು ಕಳೆದುಕೊಂಡೆ. ಪವರ್ ಎಂದರೆ ರಾಡನ್ನು ಬಾಗಿಸಲು ಎಷ್ಟು ಬಲ ಬೇಕು ಎಂಬುದು. ಆ್ಯಕ್ಷನ್ ಎಂದರೆ ಅದು ಎಲ್ಲಿಂದ ಬಾಗುತ್ತದೆ ಎಂಬುದು. ಫಾಸ್ಟ್ ಆದರೆ ತುದಿಯ ಭಾಗ ಮಾತ್ರ, ಮಾಡರೇಟ್ ಆದರೆ ನಡುವಿನ ತನಕ. ಜಿಗ್‌ಗೂ (ತಲೆಯಲ್ಲೇ ಭಾರವಿರುವ ಲ್ಯೂರ್) ಮೆತ್ತನೆಯ ಪ್ಲಾಸ್ಟಿಕ್ ಹುಳುವಿಗೂ ಒಂದೊಂದೇ ಗಾಳ, ಅದೂ ದಪ್ಪನೆಯದು. ಹುಳುವಿನಲ್ಲಂತೂ ಅದು ಪ್ಲಾಸ್ಟಿಕ್ಕಿನೊಳಗೆ ಹುದುಗಿರುತ್ತದೆ, ಪ್ಲಾಸ್ಟಿಕ್ಕನ್ನೂ ದಾಟಿ ಮೀನಿನ ಗಟ್ಟಿ ಬಾಯಿಗೆ ಚುಚ್ಚಬೇಕು, ಹಾಗಾಗಿ ಫಾಸ್ಟ್ ರಾಡ್ ಬೇಕು. ಕ್ರ್ಯಾಂಕ್‌ಬೇಟ್ ಎಂಬ ಮೀನಿನಾಕಾರದ ಗಟ್ಟಿ ಲ್ಯೂರ್‌ನಲ್ಲಿರುವುದು ಸಣ್ಣ, ಮೂರು ಮೊನೆಯ ಗಾಳಗಳು, ತುಟಿಯಂಚಿನಲ್ಲಿ ಮೇಲೆಮೇಲೆ ಸಿಕ್ಕಿಕೊಂಡಿರುತ್ತವೆ. ನಾನು ಬಿರುಸಾದ ಫಾಸ್ಟ್ ರಾಡಿನಲ್ಲಿ ಕ್ರ್ಯಾಂಕ್‌ಬೇಟ್ ಎಳೆಯುತ್ತಿದ್ದೆ. ಬಾಸ್ ದಡದ ಹತ್ತಿರ ಬಂದು ನೀರಿನಿಂದ ಮೇಲೆ ಜಿಗಿದು ತಲೆ ಕೊಡವಿತು. ರಾಡ್ ಆ ಕೊಡವಿದ ರಭಸವನ್ನು ತಾಳಿಕೊಳ್ಳಲಿಲ್ಲ, ಗಾಳ ಕಿತ್ತು ಲ್ಯೂರ್ ನನ್ನ ಕಡೆಗೇ ಹಾರಿ ಬಂತು. ಈಗ ಕ್ರ್ಯಾಂಕ್‌ಬೇಟ್‌ಗೆಂದು ಮಾಡರೇಟ್ ಆ್ಯಕ್ಷನ್‌ನ ಫೈಬರ್‌ಗ್ಲಾಸ್ ಮಿಶ್ರಿತ ರಾಡ್ ಬೇರೆಯೇ ಇಟ್ಟಿದ್ದೇನೆ. ಗ್ರಾಫೈಟ್‌ಗಿಂತ ಅದು ಭಾರ, ತುದಿಯ ಸಣ್ಣ ತಟ್ಟು ಕೈಗೆ ಅಷ್ಟು ಸ್ಪಷ್ಟವಾಗಿ ಬರುವುದಿಲ್ಲ. ಆದರೆ ಮೀನು ಜಿಗಿದಾಗ ಬಾಗಿ ಕೊಡುತ್ತದೆ.

ಗೇರ್ ಅನುಪಾತವೆಂದರೆ ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಸ್ಪೂಲ್ ಎಷ್ಟು ಸುತ್ತು ತಿರುಗುತ್ತದೆ ಎಂಬ ಲೆಕ್ಕ. 19ನೇ ಶತಮಾನದ ಆರಂಭದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಇಂಥ ಗೇರ್ ರೀಲ್ ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರದ ಕೆಲಸದವನು. ರೀಲ್ ಬಿಚ್ಚಿ ಒಳಗಿನ ಹಲ್ಲುಗಳನ್ನು ನೋಡಿದಾಗಲೆಲ್ಲ ನನಗೆ ಇದು ನೆನಪಾಗುತ್ತದೆ. ಅನುಪಾತಕ್ಕಿಂತ ನಾನು ಹೆಚ್ಚು ನೋಡುವುದು ಒಂದು ಸುತ್ತಿಗೆ ಎಷ್ಟು ದಾರ ಒಳಬರುತ್ತದೆ ಎಂಬುದನ್ನು. ದಾರ ತುಂಬಿದ ಸ್ಪೂಲ್‌ನ ಅಡ್ಡಳತೆ 34 ಮಿ.ಮೀ. ಇದ್ದರೆ ಅದರ ಸುತ್ತಳತೆ ಸುಮಾರು 107 ಮಿ.ಮೀ. 7:1 ರೀಲ್‌ನಲ್ಲಿ ಒಂದು ಸುತ್ತಿಗೆ 75 ಸೆಂ.ಮೀ. ಬರುತ್ತದೆ, 5.4:1ರಲ್ಲಿ 58 ಸೆಂ.ಮೀ. ಆಳಕ್ಕಿಳಿಯುವ ಕ್ರ್ಯಾಂಕ್‌ಬೇಟ್ ನೀರಿನಲ್ಲಿ ಬಲವಾಗಿ ಎದುರೆಳೆಯುತ್ತದೆ, ಅದಕ್ಕೆ ಕಡಿಮೆ ಅನುಪಾತ ಕೈಗೆ ಹಿತ. ಜಿಗ್‌ನಲ್ಲಿ ಲ್ಯೂರ್ ಆಡಿಸುವುದು ರಾಡ್, ರೀಲ್ ಸುತ್ತುವುದು ಸಡಿಲ ದಾರವನ್ನಷ್ಟೇ. ಮೀನು ಬಾಯಿಗಿಟ್ಟುಕೊಂಡು ನನ್ನ ಕಡೆಗೇ ಈಜಿಬಂದರೆ ಸಡಿಲವನ್ನು ಬೇಗ ಒಳತಂದರಷ್ಟೇ ಗಾಳ ಚುಚ್ಚಲು ಸಾಧ್ಯ, ಅಲ್ಲಿ 7:1 ಅಥವಾ ಮೇಲಿನದು. ಒಂದೇ ರೀಲ್ ಕೊಳ್ಳುವುದಾದರೆ 7:1ರ ಆಸುಪಾಸಿನದು ಸಾಕು. ವೇಗದ ರೀಲನ್ನು ನಿಧಾನ ಸುತ್ತಬಹುದು.

ಹ್ಯಾಂಡಲ್ ಯಾವ ಕಡೆ ಇರಬೇಕು ಎಂಬುದನ್ನು ಕೊಳ್ಳುವ ಮೊದಲೇ ನಿರ್ಧರಿಸಿ. ಬಲಗೈಯಲ್ಲಿ ಬೀಸುವ ನಾನು ಎಡಗಡೆ ಹ್ಯಾಂಡಲ್ ತೆಗೆದುಕೊಂಡೆ, ರಾಡನ್ನು ಕೈಯಿಂದ ಕೈಗೆ ದಾಟಿಸಬೇಕಾಗಿಲ್ಲ. ಲ್ಯೂರ್ ನೀರಿಗೆ ಬಿದ್ದ ಕ್ಷಣದಲ್ಲೇ ಕಚ್ಚುವ ಮೀನುಗಳು ಎಷ್ಟೋ.

ಇನ್ನು ಹೊಂದಿಸುವ ಕೆಲಸ. ಹ್ಯಾಂಡಲ್ ಪಕ್ಕದ ಚಿಕ್ಕ ಟೆನ್ಷನ್ ತಿರುಪನ್ನೇ ಮುಖ್ಯ ಬ್ರೇಕ್ ಅಂದುಕೊಂಡು ಹಲವರು ಅದನ್ನು ಬಿಗಿ ಮಾಡುತ್ತಾರೆ. ಅದು ಸ್ಪೂಲ್‌ನ ಅಚ್ಚಿನ ತುದಿಯನ್ನು ಒತ್ತುತ್ತದೆ, ಎಸೆತದ ಆದಿಯಿಂದ ಅಂತ್ಯದವರೆಗೂ ಒಂದೇ ಸಮನೆ ಹಿಡಿಯುತ್ತದೆ. ಕಲಿಯುವ ದಿನಗಳಲ್ಲಿ ಸ್ಪೂಲನ್ನು ಬಿಡಿಸುವ ಬಟನ್ ಒತ್ತಿದಾಗ ಲ್ಯೂರ್ ಮೆಲ್ಲಗೆ ಕೆಳಗಿಳಿದು, ನೆಲ ಮುಟ್ಟಿದೊಡನೆ ಸ್ಪೂಲ್ ನಿಲ್ಲುವಷ್ಟು ಬಿಗಿ ಇರಲಿ. ಕೈ ಪಳಗಿದ ಮೇಲೆ ನಾನು ಬೇರೆ ರೀತಿ ಮಾಡುತ್ತೇನೆ. ಹೆಬ್ಬೆರಳಿನಿಂದ ಸ್ಪೂಲನ್ನು ಎಡಕ್ಕೆ ಬಲಕ್ಕೆ ಅಲುಗಿಸುತ್ತೇನೆ, ಆ ಅಲುಗಾಟ ಕೂದಲೆಳೆಯಷ್ಟು ಉಳಿಯುವ ತನಕ ತಿರುಪು ಬಿಗಿ ಮಾಡುತ್ತೇನೆ. ಅಲ್ಲಿಗೆ ತಿರುಪಿನ ಕೆಲಸ ಮುಗಿಯಿತು. ಮಿಕ್ಕದ್ದು ಬ್ರೇಕಿನದು.

ಬ್ರೇಕಿನಲ್ಲಿ ಮುಖ್ಯವಾಗಿ ಎರಡು ಬಗೆ. ಸೆಂಟ್ರಿಫ್ಯೂಗಲ್‌ನಲ್ಲಿ ಸ್ಪೂಲ್ ತಿರುಗಿದಂತೆ ಸಣ್ಣ ತುಂಡುಗಳು ಹೊರಕ್ಕೆ ಚಿಮ್ಮಿ ಸುತ್ತಲಿನ ಬಳೆಗೆ ಉಜ್ಜುತ್ತವೆ. ವೇಗ ಎರಡರಷ್ಟಾದರೆ ಹಿಡಿತ ನಾಲ್ಕರಷ್ಟಾಗುತ್ತದೆ. ಹಾಗಾಗಿ ಎಸೆತದ ಆರಂಭದಲ್ಲಿ ಗಟ್ಟಿ ಹಿಡಿದು, ವೇಗ ಇಳಿದಂತೆ ಬಿಟ್ಟುಕೊಡುತ್ತದೆ, ದೂರ ಚೆನ್ನಾಗಿ ಸಿಗುತ್ತದೆ. ಮ್ಯಾಗ್ನೆಟಿಕ್‌ನಲ್ಲಿ ಯಾವುದೂ ತಾಗುವುದಿಲ್ಲ. ಅಲ್ಯೂಮಿನಿಯಂ ಅಯಸ್ಕಾಂತಕ್ಕೆ ಅಂಟದಿದ್ದರೂ ಅದರ ಬಳಿ ತಿರುಗಿದಾಗ ಲೋಹದಲ್ಲಿ ಸುಳಿ ವಿದ್ಯುತ್ ಹುಟ್ಟಿ ತಿರುಗುವಿಕೆಯನ್ನು ತಡೆಯುತ್ತದೆ. ಅದರ ಹಿಡಿತ ಕೊನೆಯವರೆಗೂ ಇರುತ್ತದೆ, ಹೊರಗಿನ ಗುಂಡಿ ತಿರುಗಿಸಿ ಹೆಚ್ಚುಕಡಿಮೆ ಮಾಡಬಹುದು. ಎದುರುಗಾಳಿಯಲ್ಲಿ ನನಗೆ ಇದೇ ನೆಚ್ಚಿಗೆ. ಸ್ಪೂಲ್‌ನ ತಿರುಗಾಟದಿಂದಲೇ ವಿದ್ಯುತ್ ಪಡೆದು ಎಲೆಕ್ಟ್ರಾನಿಕ್ ಚಿಪ್ ಮೂಲಕ ಬ್ರೇಕ್ ನಡೆಸುವ ಡಿ.ಸಿ. (ಡಿಜಿಟಲ್ ಕಂಟ್ರೋಲ್) ರೀಲ್‌ಗಳೂ ಇವೆ, ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ. ಆದರೂ ಹೆಬ್ಬೆರಳಿಗೆ ರಜೆ ಕೊಡುವ ರೀಲ್ ಯಾವುದೂ ಇಲ್ಲ.

ಹೆಬ್ಬೆರಳನ್ನು ಪಳಗಿಸಿದ್ದು ಬಯಲಿನಲ್ಲಿ, ನೀರಿನ ಮುಂದೆ ಅಲ್ಲ. ಗಾಳವಿಲ್ಲದ 14 ಗ್ರಾಂನ ಪ್ಲಾಸ್ಟಿಕ್ ಗುಂಡು ಕಟ್ಟಿ, ಸುಮಾರು 30 ಮೀಟರ್ ದಾರ ಬಿಚ್ಚಿ, ಉಳಿದ ದಾರದ ಮೇಲೆ ಒಂದು ಸುತ್ತು ಟೇಪ್ ಅಂಟಿಸಿ ಮತ್ತೆ ಸುತ್ತಿಕೊಂಡೆ. ಎಷ್ಟೇ ಸಿಕ್ಕಾದರೂ ಟೇಪಿನ ಕೆಳಗೆ ಇಳಿಯುವುದಿಲ್ಲ. ಬ್ರೇಕ್ ಮುಕ್ಕಾಲು ಪಾಲು ಏರಿಸಿ ಶುರು ಮಾಡಿದೆ. ಹತ್ತು ಸಲ ಶುದ್ಧವಾಗಿ ಹೋದರೆ ಒಂದು ಮೆಟ್ಟಿಲು ಇಳಿಸುವುದು, ಸ್ಪೂಲ್ ಮೇಲೆ ದಾರ ಉಬ್ಬಿದರೆ ಅಲ್ಲೇ ನಿಲ್ಲುವುದು. ಹೆಬ್ಬೆರಳಿನ ಮೆದು ಭಾಗ ದಾರವನ್ನು ಸೋಕಿಯೂ ಸೋಕದಂತಿರಬೇಕು. ದಾರ ಸಡಿಲಾಗತೊಡಗಿದರೆ ಚರ್ಮಕ್ಕೆ ಕಚಗುಳಿ ಇಟ್ಟ ಹಾಗಾಗುತ್ತದೆ, ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ. ಆಗ ಸ್ವಲ್ಪವೇ ಒತ್ತಬೇಕು. ಲ್ಯೂರ್ ನೀರು ಮುಟ್ಟುವ ಮುನ್ನ ಪೂರ್ತಿ ಒತ್ತಬೇಕು, ಇದೊಂದನ್ನು ಮರೆತರೆ ಯಾವ ಬ್ರೇಕೂ ಕಾಯುವುದಿಲ್ಲ. ದಿನಕ್ಕೆ ಇಪ್ಪತ್ತು ನಿಮಿಷದಂತೆ ಎರಡು ವಾರ ಬಯಲಿನಲ್ಲಿ ಕಳೆದೆ.

ಸಿಕ್ಕು ಬಿದ್ದರೆ ತುದಿ ಹಿಡಿದು ಜಗ್ಗಬೇಡಿ. ಸ್ಪೂಲನ್ನು ಹೆಬ್ಬೆರಳಿನಿಂದ ಗಟ್ಟಿಯಾಗಿ ಒತ್ತಿ ಹಿಡಿದೇ ಹ್ಯಾಂಡಲನ್ನು ಎರಡು ಮೂರು ಸುತ್ತು ತಿರುಗಿಸಿ, ಆಮೇಲೆ ಬಟನ್ ಒತ್ತಿ ದಾರ ಎಳೆಯಿರಿ. ಎಷ್ಟೋ ಸಲ ಕುಣಿಕೆಗಳು ತಾವೇ ಬಿಚ್ಚಿಕೊಳ್ಳುತ್ತವೆ. ಫ್ಲೋರೋಕಾರ್ಬನ್ ದಾರವಾದರೆ ಸಿಕ್ಕು ಬಿಡಿಸಿದ ಮೇಲೂ ಬೆರಳಾಡಿಸಿ ನೋಡಿ. ಮಡಿಕೆ ಬಿದ್ದ ಕಡೆ ಬಿಳಿಚಿಕೊಂಡ ಗುರುತಿದ್ದರೆ ಆ ಜಾಗ ದುರ್ಬಲವಾಗಿದೆ, ಅಲ್ಲಿಯವರೆಗೆ ಕತ್ತರಿಸಿಬಿಡಿ.

ಕಲಿಯಲು ನೈಲಾನ್ ಮಾನೋಫಿಲಮೆಂಟ್ ದಾರವೇ ಒಳ್ಳೆಯದು. ತೇಲುವ ಲ್ಯೂರ್‌ಗೂ ಅದೇ, ಏಕೆಂದರೆ ಫ್ಲೋರೋಕಾರ್ಬನ್ ಮುಳುಗುತ್ತದೆ. ದಟ್ಟ ಜೊಂಡಿನಲ್ಲಿ 50 ಪೌಂಡ್ ಎಳೆತ ತಾಳುವ ಬ್ರೇಡ್ (ಹೆಣೆದ ದಾರ) ಬಳಸುತ್ತೇನೆ. ಬ್ರೇಡನ್ನು ನೇರವಾಗಿ ನುಣುಪು ಸ್ಪೂಲ್‌ಗೆ ಸುತ್ತಿದರೆ ಇಡೀ ಸುರುಳಿಯೇ ಜಾರುತ್ತದೆ, ಅಡಿಯಲ್ಲಿ ಕೆಲವು ಸುತ್ತು ಮಾನೋಫಿಲಮೆಂಟ್ ಇರಲಿ. ಯಾವ ದಾರವಾದರೂ ಸ್ಪೂಲ್‌ನ ಅಂಚಿಗೆ ಸುಮಾರು 3 ಮಿ.ಮೀ. ಬಿಟ್ಟು ನಿಲ್ಲಿಸಿ. ಮೀನು ಜಗ್ಗಿದಾಗ ದಾರವನ್ನು ಜಾರಬಿಡುವ ಡ್ರ್ಯಾಗ್ ಅನ್ನು ನಾನು ಅಂದಾಜಿನಲ್ಲಿ ಬಿಗಿ ಮಾಡುವುದಿಲ್ಲ. ದಾರಕ್ಕೆ ಸ್ಪ್ರಿಂಗ್ ತಕ್ಕಡಿ ಸಿಕ್ಕಿಸಿ ಎಳೆಯುತ್ತೇನೆ. 15 ಪೌಂಡ್ ದಾರಕ್ಕೆ ಸುಮಾರು 2 ಕಿಲೋದಲ್ಲಿ ಜಾರಲು ಶುರುವಾಗಬೇಕು, ಅಂದರೆ ದಾರದ ತಾಳಿಕೆಯ ಮೂರನೇ ಒಂದು ಭಾಗಕ್ಕಿಂತ ತುಸು ಕಡಿಮೆ. ಜೊಂಡಿನೊಳಗೆ ಬ್ರೇಡ್ ಇದ್ದಾಗ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಮೀನಿಗೆ ಒಂದು ಗೇಣೂ ಬಿಡದಂತೆ ಬಿಗಿ ಮಾಡುತ್ತೇನೆ.

ಒಂದು ಹಳೆಯ ರೀಲ್ ನನ್ನ ಕೈಗೆ ಬಂದಾಗ ಏನೇ ಮಾಡಿದರೂ ದೂರ ಹೋಗುತ್ತಿರಲಿಲ್ಲ. ಬ್ರೇಕನ್ನು ಸೊನ್ನೆಗಿಳಿಸಿ, ತಿರುಪು ಸಡಿಲಿಸಿ, ಬೆರಳಿನಿಂದ ಸ್ಪೂಲ್ ತಿರುವಿದರೆ ಮೂರು ನಾಲ್ಕು ಸೆಕೆಂಡಿಗೇ ನಿಲ್ಲುತ್ತಿತ್ತು. ಪಕ್ಕದ ಮುಚ್ಚಳ ತೆಗೆದು ನೋಡಿದೆ. ಹಿಂದಿನವರು ಸ್ಪೂಲ್‌ನ ಬೇರಿಂಗ್‌ಗೂ ಗ್ರೀಸ್ ತುಂಬಿದ್ದರು, ಧೂಳು ಕೂಡಿ ಅದು ಕಪ್ಪು ಮೇಣದಂತಾಗಿತ್ತು. ಗ್ರೀಸ್ ಇರಬೇಕಾದದ್ದು ಗೇರಿನ ಹಲ್ಲುಗಳಿಗೆ. ಬೇರಿಂಗ್ ಎರಡನ್ನೂ ಬಿಚ್ಚಿ ಸಣ್ಣ ಗಾಜಿನ ಶೀಶೆಯಲ್ಲಿ ಐಸೊಪ್ರೊಪೈಲ್ ಆಲ್ಕೋಹಾಲ್‌ಗೆ ಹಾಕಿ ಅಲುಗಿಸಿದೆ. ದ್ರವ ಕೂಡಲೇ ಬೂದಿ ಬಣ್ಣಕ್ಕೆ ತಿರುಗಿತು. ಮೂರು ಸಲ ಬದಲಿಸಿದ ಮೇಲೆ ತಿಳಿಯಾಯಿತು. ಒಣಗಿಸಿ, ಸೂಜಿಯ ತುದಿಯಿಂದ ತೆಳು ಎಣ್ಣೆ ಒಂದೊಂದೇ ತೊಟ್ಟು ಬಿಟ್ಟೆ. ದಾರವನ್ನು ಅತ್ತಿತ್ತ ಹರಡುವ ಲೆವೆಲ್‌ವೈಂಡ್‌ನ ತಿರುಚು ಕಂಬಿಯ ಕೊಳೆಯನ್ನು ಹತ್ತಿಯಿಂದ ಒರೆಸಿ, ಅದಕ್ಕೂ ಒಂದು ತೊಟ್ಟು. ಮುಚ್ಚಳ ಹಾಕಿ ಸ್ಪೂಲನ್ನು ಮತ್ತೆ ತಿರುವಿದೆ. ಸದ್ದೇ ಇಲ್ಲದೆ ತಿರುಗುತ್ತಲೇ ಹೋಯಿತು, ಇಪ್ಪತ್ತು ಎಣಿಸಿದರೂ ನಿಂತಿರಲಿಲ್ಲ. ಮರುದಿನ ಬೆಳಿಗ್ಗೆ ಆ ರೀಲ್‌ಗೆ ಬ್ರೇಕ್ ಎರಡು ಮೆಟ್ಟಿಲು ಏರಿಸಬೇಕಾಯಿತು.